ಟವೆಲಿಗೊಂದು ಚಪ್ಪಲಿ

ಹೋಟೆಲನ್ನು ಫೋನಿನಲ್ಲಿ ನೋಡಿ ಗೊತ್ತುಮಾಡಿದ್ದು ನನ್ನಾಕೆ. ಚಿತ್ರದಲ್ಲಿ ಒಂದು ಜಲಪಾತವಿತ್ತು, ಕೆಂಪು ಸೋಫಾ ಇತ್ತು, ಲಿಫ್ಟಿತ್ತು. ಬಂದು ನೋಡಿದರೆ ಮೂರೂ ಇದ್ದವು. ಸುಳ್ಳು ಹೇಳಿದರೆಂದು ಯಾರೂ ದೂರುವಂತಿರಲಿಲ್ಲ. ಜಲಪಾತ ಕೌಂಟರಿನ ಹಿಂದಿನ ಗೋಡೆಯ ಮೇಲಿತ್ತು, ಯಾವುದೋ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ್ದು. ಸೋಫಾ ಅಂಗಡಿಯಿಂದ ಬಂದ ದಿನದ ಪ್ಲಾಸ್ಟಿಕ್ಕಿನೊಳಗೇ ಇತ್ತು, ಮೇಲೆ ‘ಕೂರಬಾರದು’ ಎಂಬ ರಟ್ಟು. ಲಿಫ್ಟಿನ ಒಳಗೆ ಬಕೆಟ್ಟುಗಳನ್ನು ಪೇರಿಸಿಟ್ಟಿದ್ದರು.

ಜಲಪಾತದ ಕೆಳಗೆ, ಬನಿಯನ್ ತೊಟ್ಟ ಮ್ಯಾನೇಜರು ಕಿವಿಯಲ್ಲಿ ಬೆಂಕಿಕಡ್ಡಿ ಆಡಿಸುತ್ತ ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದ. ನಮ್ಮನ್ನು ತೆರೆದಿದ್ದ ಕಣ್ಣಿನಿಂದ ನೋಡಿದ.

“ಬಿಸಿನೀರು ಎಷ್ಟೊತ್ತಿಗೆ ಬರುತ್ತೆ?” ಎಂದೆ.

“ಇಲ್ಲಪ್ಪ.”

“ಬೋರ್ಡಲ್ಲಿ ಇಪ್ಪತ್ನಾಲ್ಕು ಗಂಟೆ ಅಂತ ಬರೆದಿದೆಯಲ್ಲ?”

“ನೀರು ಇಪ್ಪತ್ನಾಲ್ಕು ಗಂಟೆ. ಬಿಸಿ ಇಲ್ಲಪ್ಪ.”

“ಫ್ಯಾನು?”

“ಇದೆ.”

“ತಿರುಗುತ್ತಾ?”

“ಇಲ್ಲಪ್ಪ.”

ನಾವು ಅವನಿಗೆ ಅಲ್ಲೇ ಇಲ್ಲಪ್ಪ ಎಂದು ಹೆಸರಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ತಿಳಿಯಿತು, ನಮಗಿಂತ ಮೊದಲೇ ಇಡೀ ಬೀದಿ ಅದನ್ನೇ ಇಟ್ಟಿತ್ತು.

“ಟವೆಲ್ ಆದ್ರೂ ಕೊಡಪ್ಪ,” ಎಂದಳು ನನ್ನಾಕೆ.

“ಒಂದು ಚಪ್ಪಲಿ ಕೊಡಿ.”

ನಾನು ಕಿವಿಯಲ್ಲೇನೋ ದೋಷವಿರಬೇಕು ಎಂದುಕೊಂಡೆ. ಅವನು ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದ. ಬೇರೆ ಹೋಟೆಲಿನಲ್ಲಿ ಕೀಲಿಕೈ ನೇತುಹಾಕುವ ಜಾಗದಲ್ಲಿ ಇಲ್ಲಿ ಗೂಡುಗಳಿದ್ದವು. ಗೂಡಿಗೊಂದರಂತೆ ಒಂಟಿ ಚಪ್ಪಲಿಗಳು ಕೂತಿದ್ದವು, ಎಲ್ಲವೂ ಎಡಗಾಲಿನವು, ಅಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ರೂಮಿನ ನಂಬರು. ಈ ಒಂದು ವಿಷಯದಲ್ಲಿ ಮಾತ್ರ ಅವನಿಗೆ ಮಾತು ಬಂತು.

“ಮೊದ್ಲು ಸುಮ್ನೆ ಕೊಡ್ತಿದ್ದೆ. ಟವೆಲ್ ಬ್ಯಾಗಿಗೆ ಹಾಕ್ಕೊಂಡು ಹೊರಟುಬಿಡೋರು. ಎರಡೂ ಚಪ್ಪಲಿ ಇಸ್ಕೊಂಡೆ. ಬರಿಗಾಲಲ್ಲೇ ಹೋದ್ರು, ಜನಕ್ಕೆ ನಾಚಿಕೆ ಎಲ್ಲಿದೆ? ಒಂದೇ ಇಸ್ಕೊಂಡ್ ನೋಡಿ, ಹೋಗಲ್ಲ. ಒಂಟಿ ಚಪ್ಪಲೀಲಿ ಬೀದಿಗಿಳಿಯೋ ಧೈರ್ಯ ಯಾವ ಕಳ್ಳನಿಗೂ ಇಲ್ಲ.”

ನನ್ನಾಕೆ ಜಗಳಕ್ಕೆ ನಿಲ್ಲುತ್ತಾಳೆಂದು ನಾನು ಬ್ಯಾಗನ್ನು ಎದೆಗವಚಿಕೊಂಡು ಸಿದ್ಧನಾದೆ. ಅವಳು ಸುಮ್ಮನೆ ಬಗ್ಗಿ, ಮಗಳ ಮದುವೆಗೆಂದು ಕೊಂಡಿದ್ದ ಹಸಿರು ಪಟ್ಟಿಯ ಎಡಗಾಲಿನ ಚಪ್ಪಲಿಯನ್ನು ಬಿಚ್ಚಿ ಕೌಂಟರಿನ ಮೇಲಿಟ್ಟಳು. ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ, ಮೆಚ್ಚುಗೆ. ನನಗೆ ನಿಜಕ್ಕೂ ಗಾಬರಿಯಾಯಿತು.

ಹಾವಿನ ಹೆಜ್ಜೆ ಹಾವೇ ಬಲ್ಲದು. ನನ್ನಾಕೆ ಇತ್ತೀಚಿನವರೆಗೆ ನೀರು ಸರಬರಾಜು ಕಚೇರಿಯ ಕೌಂಟರಿನಲ್ಲಿದ್ದವಳು. ಅವಳ ಕಿಟಕಿಯ ಮುಂದೆ ಹರೆಯದಲ್ಲಿ ನಿಂತವರು ನಡುವಯಸ್ಸಿನಲ್ಲಿ ಹೊರಟರೆಂದು ಊರಲ್ಲಿ ತಮಾಷೆ ಮಾಡುತ್ತಿದ್ದರು. ಯಾರು ಏನೇ ಕೇಳಲಿ, ಪೆನ್ನಿನ ಮುಚ್ಚಳವನ್ನು ಮೆಲ್ಲಗೆ ಹಾಕಿ, “ಊಟದ ನಂತರ ಬನ್ನಿ” ಎನ್ನುತ್ತಿದ್ದಳು. ಯಾವ ದಿನದ ಊಟ ಎಂದು ಕೇಳುವ ಧೈರ್ಯ ಯಾರಿಗೂ ಬಂದದ್ದಿಲ್ಲ. ಊರಿಗೆಲ್ಲ ಅವಳು ಊಟದನಂತರ ಮೇಡಂ. ನಾನು ಗ್ರಂಥಾಲಯದಲ್ಲಿದ್ದವನು, ಸದ್ದು ಮಾಡದಿರುವುದೇ ನನ್ನ ವೃತ್ತಿ, ಮನೆಯಲ್ಲೂ ಅದೇ ಮುಂದುವರಿಯಿತು.

ಇಷ್ಟಕ್ಕೂ ನಾವು ಈ ಊರಿಗೆ ಬಂದದ್ದು ಮಗಳನ್ನು ನೋಡಲು. ಮಗಳ ಮನೆಯಿರುವಾಗ ಹೋಟೆಲೇಕೆ ಎಂದರೆ, ಆ ಮನೆಯಲ್ಲಿ ಬೀಗಿತ್ತಿಯಿದ್ದಾರೆ. ಬೀಗಿತ್ತಿಗೆ ಮಾತಿನಲ್ಲಿ ಸಕ್ಕರೆ ಹಾಕಿ ಚುಚ್ಚುವ ಕಲೆ ಕರಗತ. ಹೋದ ವರ್ಷ ಅವರು ಎಲ್ಲಿಗೋ ಹೋಗಿ ಒಂದು ದೊಡ್ಡ ಹೋಟೆಲಿನಲ್ಲಿ ಇಳಿದು ಬಂದಿದ್ದರು. ಅಂದಿನಿಂದ ಯಾವ ಮಾತು ಎಲ್ಲಿಂದ ಹೊರಟರೂ ಆ ಹೋಟೆಲಿನ ಕಾರಂಜಿಯ ಬಳಿ ಬಂದು ನಿಲ್ಲುತ್ತಿತ್ತು. “ಅಲ್ಲಿ ಬಾಗಿಲಲ್ಲಿ ನಿಂತವನು ಬಗ್ಗಿ ಬಗ್ಗಿ ನಮಸ್ಕಾರ ಹಾಕ್ತಿದ್ದ ಕಣ್ರೀ. ನೀವೆಲ್ಲ ಅಂಥ ಕಡೆ ಇಳಿದಿರೋದಿಲ್ಲ, ಬಿಡಿ.” ಈ ‘ಬಿಡಿ’ ಕೇಳಿದಾಗಲೆಲ್ಲ ನನ್ನಾಕೆಯ ರಕ್ತದೊತ್ತಡ ಏರುತ್ತಿತ್ತು. ಒಂದು ದಿನ ಫೋನಿನಲ್ಲಿ, “ಈ ಸಲ ನಾವೂ ಹೋಟೆಲಲ್ಲೇ ಇಳೀತೀವಿ. ಅಲ್ಲಿ ಜಲಪಾತವೇ ಇದೆ,” ಎಂದುಬಿಟ್ಟಳು.

“ಹೌದಾ? ಹಾಗಾದ್ರೆ ಸಾಯಂಕಾಲ ಅಲ್ಲಿಗೇ ಬಂದು ನಿಮ್ಮನ್ನ ಕರ್ಕೊಂಡು ಬರ್ತೀವಿ. ನೋಡಿದ ಹಾಗೂ ಆಗುತ್ತೆ,” ಎಂದಿದ್ದರು ಬೀಗಿತ್ತಿ.

ರೂಮಿಗೆ ಹೋಗಿ, ಮಂಚದ ಯಾವ ಬದಿ ತಗ್ಗು ಎಂದು ನಾವಿನ್ನೂ ಪರೀಕ್ಷಿಸುತ್ತಿರುವಾಗಲೇ ಮಗಳ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು. ಹಿಂದೆ ಮಿಕ್ಸಿಯ ಸದ್ದು. ಮಿಕ್ಸಿ ಹಾಕಿಕೊಂಡೇ ಅವಳು ತವರಿಗೆ ಫೋನು ಮಾಡುವುದು.

“ಅಮ್ಮಾ, ಅತ್ತೆ ಬೆಳಗ್ಗಿಂದ ಅದೇ ಮಾತು. ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ, ನಮ್ಮ ಬೀಗರ ಹೋಟೆಲ್ ನೋಡೋಕೆ ಹೋಗ್ತಿದೀವಿ ಅಂತ. ಹೋಟೆಲ್ ಹೇಗಿದೆ? ಚೆನ್ನಾಗಿದೆ ತಾನೆ?”

“ಇದೆ,” ಎಂದಳು ಇವಳು, ಗೋಡೆಯ ತೇವದ ಕಲೆಯನ್ನು ನೋಡುತ್ತ.

“ಚೆನ್ನಾಗಿಲ್ದಿದ್ರೆ ಈಗಲೇ ಹೇಳಮ್ಮ. ಇಲ್ಲಾಂದ್ರೆ ನನಗಿಲ್ಲಿ ಮುಂದಿನ ವರ್ಷದವರೆಗೂ ಅಡುಗೆಮನೇಲಿ ಅದೇ ಹಾಡು. ಉಪ್ಪು ಜಾಸ್ತಿಯಾದ್ರೂ ‘ನಿಮ್ಮಪ್ಪ ಅಮ್ಮ ಇಳಿದ ಲಾಡ್ಜು’ ಅಂತಾರೆ, ಕಮ್ಮಿಯಾದ್ರೂ ಅಂತಾರೆ.”

“ನೀನು ಮಿಕ್ಸಿ ನಿಲ್ಲಿಸು, ಸುಟ್ಟುಹೋಗುತ್ತೆ. ನಾನಿದೀನಿ,” ಎಂದು ಇವಳು ಫೋನಿಟ್ಟಳು. ಇಟ್ಟ ಮೇಲೆ ತಗ್ಗಿನ ಬದಿಯಲ್ಲೇ ಕುಸಿದು ಕೂತಳು. “ರೀ, ಮಗಳ ಸಂಸಾರ ಈ ದರಿದ್ರ ಲಾಡ್ಜಿನ ಮೇಲೆ ನಿಂತಿದೆಯಲ್ರೀ.”

ಬೇರೆ ಹೋಟೆಲಿಗೆ ಹೋಗೋಣವೆಂದೆ. ಹೆಸರು ಹೇಳಿಯಾಗಿದೆ ಎಂದಳು. ಸರಿ, ಇಬ್ಬರೂ ಕೆಳಗಿಳಿದೆವು. ಇವಳು ಊರಿನಿಂದ ತಂದಿದ್ದ ಬಚ್ಚಲುಮನೆಯ ರಬ್ಬರ್ ಚಪ್ಪಲಿಯಲ್ಲಿ ಪಟಪಟ ಸದ್ದು ಮಾಡುತ್ತ ಮುಂದೆ, ನಾನು ಹಿಂದೆ.

“ನೋಡಪ್ಪ, ಸಾಯಂಕಾಲ ನಮ್ಮ ಬೀಗರು ಬರ್ತಾರೆ. ಸೋಫಾ ಮೇಲಿನ ಪ್ಲಾಸ್ಟಿಕ್ ತೆಗೀತೀಯಾ?”

“ಆಗಲ್ಲ. ಮಾಲೀಕರು ಬೈತಾರೆ.”

“ಟೀ ತರಿಸಿಕೊಡ್ತೀಯಾ?”

“ಕಪ್ಪಿಲ್ಲ.”

“ಎದುರು ಅಂಗಡಿಯಿಂದ ನಾವೇ ತರ್ತೀವಿ.”

“ಹೊರಗಿಂದ ತಿಂಡಿ ಟೀ ತರೋ ಹಾಗಿಲ್ಲ.”

“ಒಳಗೂ ಇಲ್ಲ, ಹೊರಗಿಂದೂ ತರೋ ಹಾಗಿಲ್ಲ?”

“ಹೂಂ,” ಎಂದ, ಒಳ್ಳೆಯ ವಿದ್ಯಾರ್ಥಿಗೆ ಲೆಕ್ಕ ಅರ್ಥವಾದಾಗ ಮೇಷ್ಟ್ರು ತಲೆಯಾಡಿಸುವಂತೆ.

ಅಷ್ಟರಲ್ಲಿ ಮೇಲಿನಿಂದ ಒಬ್ಬ ಬಂದ. ಪಾತ್ರೆ ಕಂಪನಿಯೊಂದರ ಏಜೆಂಟನಂತೆ, ಊರೂರು ತಿರುಗುವವನು. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ತಲೆಯ ತುಂಬ ಸೋಪಿನ ನೊರೆ. “ಏನ್ ಹೋಟೆಲಯ್ಯಾ ಇದು! ತಲೆಗೆ ಸೋಪು ಹಾಕ್ಕೊಂಡ ಮೇಲೆ ನೀರು ನಿಲ್ಲಿಸ್ತೀಯಾ? ನಿನ್ನ ಮುಖಕ್ಕಿಷ್ಟು…” ಎಂದು ಶುರುವಾದದ್ದು, ಇಲ್ಲಪ್ಪನ ಅಪ್ಪ, ಅಜ್ಜ, ಮುತ್ತಜ್ಜ ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಿ, ಸೋಪು ಕಣ್ಣಿಗಿಳಿದ ಮೇಲೆ ನಿಂತಿತು. ಇಲ್ಲಪ್ಪ ಲಿಫ್ಟಿನಿಂದ ಒಂದು ಬಕೆಟ್ಟು ತೆಗೆದು, ಹಿತ್ತಲ ತೊಟ್ಟಿಯ ನೀರು ತುಂಬಿಸಿಕೊಟ್ಟ. ಅವನು ಅದನ್ನು ಹಿಡಿದು, ಕುರುಡನಂತೆ ಗೋಡೆ ತಡವುತ್ತ ಮೆಟ್ಟಿಲು ಹತ್ತಿದ.

ಇಲ್ಲಪ್ಪನ ಮುಖ ಸಣ್ಣದಾಗಿತ್ತು. ಬೆಂಕಿಕಡ್ಡಿಯನ್ನು ಮುರಿದು ಹಾಕಿದ. “ದಿನಾ ಹೀಗೇ ಮೇಡಂ. ಮಾಲೀಕರು ಒಂದು ದುಡ್ಡು ಬಿಚ್ಚಲ್ಲ. ಬೈಸ್ಕೊಳ್ಳೋದು ನಾನು. ನಮ್ಮಪ್ಪ ಪಾಪ ಯಾರಿಗೂ ಒಂದು ಮಾತು ಅಂದೋನಲ್ಲ. ಅವನನ್ನ ಈ ಕೌಂಟರಿಗೆ ಎಳ್ಕೊಂಡು ಬಂದು ಬೈತಾರೆ.”

ನನ್ನಾಕೆ ಅವನನ್ನೇ ನೋಡುತ್ತ ನಿಂತಳು. ಕೌಂಟರಿನ ಮೇಲೆ ಎರಡೂ ಮೊಣಕೈ ಊರಿದಳು. ಆ ಭಂಗಿ ನನಗೆ ಗೊತ್ತಿತ್ತು. ನಿವೃತ್ತಿಯಾದ ಮೇಲೆ ಅದನ್ನು ಮತ್ತೆ ನೋಡುತ್ತೇನೆಂದು ಅಂದುಕೊಂಡಿರಲಿಲ್ಲ.

“ತಪ್ಪು ನಿನ್ನದೇ ಕಣಪ್ಪ,” ಎಂದಳು.

“ನಂದಾ?”

“ನಿನಗೆ ‘ಇಲ್ಲ’ ಅನ್ನೋಕೆ ಬರಲ್ಲ.”

ಇಲ್ಲಪ್ಪ ಬಾಯಿ ತೆರೆದ. ಇಡೀ ಬೀದಿ ಅವನಿಗೆ ಒಪ್ಪಿಸಿದ್ದ ಏಕೈಕ ಬಿರುದನ್ನು ಯಾರೋ ಕಿತ್ತುಕೊಂಡಂತೆ.

“ನಾನೂ ಜೀವಮಾನವೆಲ್ಲ ಜನರನ್ನ ವಾಪಸ್ ಕಳಿಸಿದೋಳು. ನನ್ನ ಕಿಟಕಿ ಮುಂದೆ ಒಬ್ಬರೂ ದನಿ ಎತ್ತಿಲ್ಲ. ಹೋಗುವಾಗ ‘ಥ್ಯಾಂಕ್ಸ್ ಮೇಡಂ’ ಅಂತ ಹೇಳಿ ಹೋಗ್ತಿದ್ರು. ಬೇಕಾದ್ರೆ ಇವರನ್ನ ಕೇಳು.”

ನಾನು ಸಾಕ್ಷಿ ನುಡಿದೆ. ನಾನೂ ಹಾಗೆ ಥ್ಯಾಂಕ್ಸ್ ಹೇಳಿದವರಲ್ಲಿ ಒಬ್ಬ. ನಮ್ಮ ಮನೆಯ ನಲ್ಲಿಯ ಅರ್ಜಿಯೂ ಅವಳ ಕಿಟಕಿಗೇ ಹೋಗಿತ್ತು.

“ರೀ, ನನ್ನ ಕೈಲಿ ಇವನಿಗೆ ಸೌಜನ್ಯ ಕಲಿಸೋಕಾಗಲ್ಲ. ಅದಕ್ಕೆ ಹತ್ತು ವರ್ಷ ಬೇಕು,” ಎಂದಳು ನನ್ನತ್ತ ತಿರುಗಿ. “ಆದ್ರೆ ಧಿಮಾಕು ಅರ್ಧ ದಿನದಲ್ಲಿ ಕಲಿಸಬಹುದು. ಸಣ್ಣ ಹೋಟೆಲಲ್ಲಿ ಟೀ ಕೊಡದಿದ್ರೆ ದರಿದ್ರ ಅಂತಾರೆ. ಅದೇ ಟೀನ ದೊಡ್ಡ ಹೋಟೆಲಲ್ಲಿ ಕೊಡದಿದ್ರೆ ಪದ್ಧತಿ ಅಂತಾರೆ. ಬೀಗಿತ್ತಿಗೆ ಪದ್ಧತಿ ತೋರಿಸೋಣ.”

ಹೀಗೆ ಪಾಠ ಆರಂಭವಾಯಿತು. ಮೊದಲು ನನ್ನ ಕೋಟು ಹೋಯಿತು. ಬನಿಯನ್ನಿನ ಮೇಲೆ ಅದನ್ನು ತೊಡಿಸಿ ಕತ್ತಿನವರೆಗೂ ಗುಂಡಿ ಹಾಕಿದರೆ, ಇಲ್ಲಪ್ಪನಿಗೆ ತಲೆ ತಗ್ಗಿಸಲು ಆಗುತ್ತಿರಲಿಲ್ಲ. ತಗ್ಗಿಸಿದರೆ ಉಸಿರು ಕಟ್ಟುತ್ತಿತ್ತು. ಗದ್ದ ತಾನಾಗಿ ಮೇಲೇರಿ, ನೋಟ ನಮ್ಮ ನೆತ್ತಿಯ ಮೇಲಿಂದ ಹಾದು ಹೋಗತೊಡಗಿತು. “ಹಾಂ! ಅದು! ಮುಖ ನೋಡಬೇಡ. ಮುಖ ನೋಡಿದ್ರೆ ಜನ ಮಾತಾಡ್ತಾರೆ. ನೆತ್ತಿ ನೋಡು,” ಎಂದಳು ಗುರುಮಾತೆ.

“ಅವರು ಕೇಳಿದ ತಕ್ಷಣ ಉತ್ತರ ಕೊಡಬೇಡ. ಒಂದಿಷ್ಟು ಸುಮ್ಮನಿರು. ಆಮೇಲೆ ‘ಹೌದಾ?’ ಅನ್ನು. ತಾನು ಕೇಳಿದ್ದೇ ತಪ್ಪೇನೋ ಅಂತ ಅವರಿಗೆ ಅನ್ನಿಸಬೇಕು.”

“ಹೌದಾ?” ಎಂದ ಇಲ್ಲಪ್ಪ.

“ಅಷ್ಟು ಆಸಕ್ತಿಯಿಂದ ಅಲ್ಲ.”

“ಹೌದಾ.”

“ಪರವಾಗಿಲ್ಲ. ಇನ್ನೊಂದು, ಯಾರನ್ನೂ ‘ಹೋಗಯ್ಯ’ ಅನ್ನಬೇಡ. ಅವಮಾನ ಯಾವತ್ತೂ ಬಹುವಚನದಲ್ಲೇ ಮಾಡಬೇಕು. ‘ದಯವಿಟ್ಟು’ ಸೇರಿಸು, ಇನ್ನೂ ಚೆನ್ನಾಗಿ ನಾಟುತ್ತೆ. ಫ್ಯಾನ್ ಯಾಕೆ ತಿರುಗ್ತಿಲ್ಲ, ಹೇಳು ನೋಡೋಣ.”

“ಕೆಟ್ಟೋಗಿದೆ.”

“ಅಯ್ಯೋ ಮಂಕೇ! ‘ಸದ್ಯಕ್ಕೆ ನಿಲ್ಲಿಸಲಾಗಿದೆ’ ಅನ್ನು. ನಿಲ್ಲಿಸಿದೋರು ಯಾರು? ಗೊತ್ತಿಲ್ಲ. ಯಾವಾಗ ಬಿಡ್ತಾರೆ? ಅದೂ ಗೊತ್ತಿಲ್ಲ. ಆದ್ರೆ ಮೇಲೆ ಯಾರೋ ದೊಡ್ಡೋರು ಕೂತು ಯೋಚನೆ ಮಾಡಿ ನಿಲ್ಲಿಸಿದ್ದಾರೆ ಅನ್ಸುತ್ತೆ. ಇಡೀ ಕಚೇರಿ ಈ ‘ಲಾಗಿದೆ’ ಮೇಲೆ ನಡೀತಿತ್ತು ಕಣಪ್ಪ.”

ಇಲ್ಲಪ್ಪ ಕಣ್ಣು ಮುಚ್ಚಿ ಮಂತ್ರದಂತೆ ಪಠಿಸಿದ. ನಿಲ್ಲಿಸಲಾಗಿದೆ, ತಡೆಹಿಡಿಯಲಾಗಿದೆ, ಪರಿಶೀಲಿಸಲಾಗುತ್ತಿದೆ. ಅವನ ಮುಖದಲ್ಲಿ ಮೆಲ್ಲಮೆಲ್ಲಗೆ ಒಂದು ಕಳೆ ಬರತೊಡಗಿತು, ಮಸಿ ಹಿಡಿದ ಚೊಂಬನ್ನು ಹುಣಿಸೆಹಣ್ಣು ಹಾಕಿ ಉಜ್ಜಿದಾಗ ಬರುವಂಥದ್ದು.

“ಕೊನೇದು, ಎಲ್ಲಕ್ಕಿಂತ ಮುಖ್ಯ. ಒಂದು ಸಲ ಕಿಟಕಿ ಮುಚ್ಚಿದ ಮೇಲೆ ಅಪ್ಪನೇ ಬಂದ್ರೂ ತೆಗೀಬಾರದು. ಒಬ್ಬರಿಗೆ ತೆಗೆದ್ರೆ ಮುಗೀತು. ಆಮೇಲೆ ಬೆಕ್ಕೂ ನಿನಗೆ ಹೆದರಲ್ಲ.”

“ಮೇಡಂ, ನೀವು ಅದೇನೋ ಊಟದ ನಂತರ ಅಂತಿದ್ರಂತಲ್ಲ, ಸಾರ್ ಹೇಳಿದ್ರು,” ಎಂದು ಇಲ್ಲಪ್ಪ ತಲೆ ಕೆರೆದ. “ಅದನ್ನ ನಾನೂ ಅನ್ನಬಹುದಾ?”

ನನ್ನಾಕೆ ಗಂಭೀರಳಾದಳು. “ಅದು ಈಗಲೇ ಬೇಡ. ನಿನ್ನ ಬಾಯಲ್ಲಿ ಅದು ಇನ್ನೂ ಸುಳ್ಳಿನ ಹಾಗೆ ಕೇಳುತ್ತೆ. ಅದಕ್ಕೆ ಯೋಗ್ಯತೆ ಬೇಕು.”

ಇಲ್ಲಪ್ಪ ವಿನಯದಿಂದ ತಲೆ ತಗ್ಗಿಸಲು ಹೋಗಿ ಕೆಮ್ಮಿದ.

ಸಾಯಂಕಾಲ ಬಿಸಿಲು ಇಳಿಯುವ ಹೊತ್ತಿಗೆ ಬೀಗರು, ಬೀಗಿತ್ತಿ ಬಂದರು. ಬೀಗರು ಸಣ್ಣ ಆಳು. ಹೆಂಡತಿಯ ಹಿಂದೆ ಅವರ ಕೈಚೀಲ ಹಿಡಿದು ನಡೆಯುವುದರಿಂದ ಅವರು ಬಂದದ್ದು ಸ್ವಲ್ಪ ತಡವಾಗಿ ಗೊತ್ತಾಗುತ್ತದೆ. ಬೀಗಿತ್ತಿ ಬಾಗಿಲಲ್ಲೇ ನಿಂತು ಜಲಪಾತವನ್ನು ನೋಡಿದರು. ಅವರ ಮೂಗು ಮುರಿಯಲು ಸಿದ್ಧವಾದದ್ದನ್ನು ನಾನು ಕಣ್ಣಾರೆ ಕಂಡೆ.

“ಇದೇನ್ರೀ ಬೀಗಿತ್ತಿ, ಜಲಪಾತ ಅಂದ್ರೆ…”

ಕೌಂಟರಿನಿಂದ ಒಂದು ದನಿ ಬಂತು. “ದಯವಿಟ್ಟು ಮೆತ್ತಗೆ ಮಾತಾಡಿ.”

ಬೀಗಿತ್ತಿ ಗಕ್ಕನೆ ನಿಂತರು. ಅವರ ಸೊಸೆಯಾಗಲಿ ಮಗನಾಗಲಿ ಗಂಡನಾಗಲಿ ಹಾಗೆ ಹೇಳಿದ ದಾಖಲೆಯಿಲ್ಲ. ಇಲ್ಲಪ್ಪ ಅವರ ನೆತ್ತಿಯ ಮೇಲಿನ ಯಾವುದೋ ದೂರದ ಬೆಟ್ಟವನ್ನು ನೋಡುತ್ತಿದ್ದ.

“ನಾವು… ಇವರನ್ನ ನೋಡೋಕೆ ಬಂದಿದ್ದು,” ಎಂದರು ಬೀಗಿತ್ತಿ.

ಇಲ್ಲಪ್ಪ ಪೆನ್ನು ತೆಗೆದುಕೊಂಡ, ಇಟ್ಟ.

“ಹೌದಾ.”

“ಹೌದು,” ಎಂದರು ಬೀಗಿತ್ತಿ, ತಮಗೇ ಅನುಮಾನ ಬಂದವರಂತೆ. “ಮೇಲೆ ಹೋಗಿ ರೂಮು ನೋಡಬಹುದಾ?”

“ಇಳಿದವರನ್ನ ಬಿಟ್ಟು ಬೇರೆ ಯಾರನ್ನೂ ಮೇಲೆ ಬಿಡಲಾಗುವುದಿಲ್ಲ.”

“ಕೂರೋದಾದ್ರೂ…” ಎಂದು ಅವರು ಸೋಫಾದ ಕಡೆ ನೋಡಿ, ರಟ್ಟನ್ನು ಓದಿ, ಮತ್ತೆ ಇಲ್ಲಪ್ಪನನ್ನು ನೋಡಿದರು. ಅವನು ಬಹಳ ಹೊತ್ತು ಯೋಚಿಸಿದ. ಕೊನೆಗೆ ಎದ್ದು ಬಂದು, ಎರಡು ಬೆರಳಿನಿಂದ ರಟ್ಟನ್ನು ಎತ್ತಿ, “ಇವತ್ತೊಂದು ದಿನಕ್ಕೆ ಅವಕಾಶ ಕೊಡಲಾಗಿದೆ. ಅಂಚಿನಲ್ಲಿ ಕೂತ್ಕೊಳ್ಳಿ,” ಎಂದ.

ಬೀಗಿತ್ತಿ ಪರೀಕ್ಷೆಗೆ ಬಂದ ಹುಡುಗಿಯಂತೆ ಅಂಚಿನಲ್ಲಿ ಕೂತರು. ಪ್ಲಾಸ್ಟಿಕ್ಕು ಹೇಳಬಾರದ ಸದ್ದೊಂದನ್ನು ಮಾಡಿತು. ಇಲ್ಲಪ್ಪ ಒಂದು ಹುಬ್ಬನ್ನು ಮಾತ್ರ ಏರಿಸಿದ. ಇದನ್ನು ನನ್ನಾಕೆ ಕಲಿಸಿರಲಿಲ್ಲ, ಅವನ ಸ್ವಂತ ಪ್ರತಿಭೆ. ಅಲ್ಲಿಂದ ಮುಂದೆ ಬೀಗಿತ್ತಿ ಅಲ್ಲಾಡಲಿಲ್ಲ.

“ಟೀ ಸಿಗುತ್ತಾ?” ಎಂದು ಕೇಳಿದರು, ಹೆಚ್ಚುಕಡಿಮೆ ಪಿಸುಮಾತಿನಲ್ಲಿ.

“ಇಲ್ಲಿ ಟೀ ಕೇಳಲಾಗುವುದಿಲ್ಲ, ಮೇಡಂ.”

ಯಾರು ಕೇಳುವುದಿಲ್ಲ, ಯಾಕೆ ಕೇಳುವುದಿಲ್ಲ, ಒಂದೂ ಇಲ್ಲ. ಅಡ್ಡಗೋಡೆಯ ಮೇಲೆ ಇಟ್ಟ ದೀಪ. ನನ್ನಾಕೆಯ ಕಣ್ಣಲ್ಲಿ ಹೊಳಪು ಕಂಡಿತು. ಬೀಗಿತ್ತಿ ಪಕ್ಕದಲ್ಲೇ ಕೂತಿದ್ದ ಅವಳ ಕಿವಿಯ ಬಳಿ ಬಗ್ಗಿದರು, ಪ್ಲಾಸ್ಟಿಕ್ಕು ಸದ್ದು ಮಾಡದಂತೆ ಎಚ್ಚರವಹಿಸಿ.

“ಬಹಳ ಕಟ್ಟುನಿಟ್ಟು ಅಲ್ವಾ ಇಲ್ಲಿ?”

“ಎಲ್ಲರಿಗೂ ಕೊಡಲ್ಲ ಇಲ್ಲಿ ರೂಮು,” ಎಂದಳು ನನ್ನಾಕೆ.

“ನಾವಿಳಿದಿದ್ವಲ್ಲ, ಆ ಕಾರಂಜಿ ಹೋಟೆಲು, ಅಲ್ಲಿ ಕೇಳೋ ಮೊದಲೇ ಟೀ ತಂದು ಇಟ್ಬಿಡ್ತಿದ್ರು. ಈಗ ಯೋಚನೆ ಮಾಡಿದ್ರೆ, ಬಹಳ ಚೀಪು ಅನ್ಸುತ್ತೆ. ಬಾಗಿಲಲ್ಲಿ ಆ ಮನುಷ್ಯ ಹಲ್ಲು ಕಿರ್ಕೊಂಡು ನಿಂತಿರೋದು. ಥೂ.”

ಮಗಳ ಅಡುಗೆಮನೆಯಲ್ಲಿ ಒಂದು ವರ್ಷದ ಶಾಂತಿ ನೆಲೆಸಿತೆಂದು ನಾನು ನಿಟ್ಟುಸಿರು ಬಿಟ್ಟೆ. ಬಿಡಬಾರದಿತ್ತು.

ಫ್ಯಾನನ್ನು ಸದ್ಯಕ್ಕೆ ನಿಲ್ಲಿಸಲಾಗಿತ್ತಲ್ಲ, ಸೆಖೆಗೆ ಬೀಗಿತ್ತಿಯ ಹಣೆಯಿಂದ ಬೆವರು ಇಳಿಯತೊಡಗಿತು. “ಮುಖ ಒರೆಸ್ಕೊಳ್ಳೋಕೆ ಒಂದು ಟವೆಲ್ ಸಿಗಬಹುದಾ?” ಎಂದರು.

“ಒಂದು ಚಪ್ಪಲಿ ಕೊಡಿ,” ಎಂದ ಇಲ್ಲಪ್ಪ.

ನನ್ನಾಕೆ ನನ್ನ ಕೈಯನ್ನು ಚಿವುಟಿದಳು, ನಾನೇ ಹೇಳಿದೆನೋ ಎಂಬಂತೆ. ಇಷ್ಟೆಲ್ಲ ತಿದ್ದಿ ತೀಡಿ, ಚಪ್ಪಲಿಯ ವಿಷಯವನ್ನೇ ಮರೆತಿದ್ದೆವು. ಬೀಗಿತ್ತಿಯ ಮುಖ ಕೆಂಪಾಯಿತು. ಎದ್ದು ನಿಂತರು. ಪ್ಲಾಸ್ಟಿಕ್ಕು ಅರಚಿತು, ಅವರು ಲೆಕ್ಕಿಸಲಿಲ್ಲ.

“ಚಪ್ಪಲಿನಾ? ಯಾರ ಹತ್ರ ಏನು ಕೇಳ್ತಿದೀರಾ ಗೊತ್ತಾ? ನನ್ನ ಕಾಲಿನ ಚಪ್ಪಲಿ…”

ಇಲ್ಲಪ್ಪನಿಗೆ ಬೆಳಗಿನ ಸೋಪಿನ ಮನುಷ್ಯ ನೆನಪಾಗಿರಬೇಕು. ಇನ್ನೇನು ತನ್ನ ಅಪ್ಪ ಕೌಂಟರಿಗೆ ಬರುತ್ತಾನೆ ಎಂದು ಅವನಿಗೂ ಅನ್ನಿಸಿರಬೇಕು. ಆದರೆ ಕೋಟು ಬಿಗಿಯಿತ್ತು, ತಲೆ ತಗ್ಗಲಿಲ್ಲ.

“ಎಡಗಾಲಿಂದು,” ಎಂದ ಶಾಂತವಾಗಿ. “ದಯವಿಟ್ಟು.”

ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತ. ಹಿಂದಿನ ಗೂಡುಗಳು ಕಂಡವು. ಬೀಗಿತ್ತಿ ಮಾತು ನಿಲ್ಲಿಸಿ ನೋಡಿದರು. ಸಾಲಾಗಿ ಚಪ್ಪಲಿಗಳು, ನಂಬರುಗಳು. ನಡುವಿನ ಗೂಡಿನಲ್ಲಿ ಹಸಿರು ಪಟ್ಟಿಯ ಚಪ್ಪಲಿ. ಮದುವೆಯ ದಿನ ‘ಎಲ್ಲಿ ತಗೊಂಡ್ರಿ, ಬಹಳ ಚೆನ್ನಾಗಿದೆ’ ಎಂದು ಹೊಟ್ಟೆಕಿಚ್ಚಿನಿಂದ ಅವರೇ ವಿಚಾರಿಸಿದ್ದ ಚಪ್ಪಲಿ.

“ಅದು ನಿಮ್ಮದಲ್ವಾ?” ಎಂದರು ನನ್ನಾಕೆಗೆ.

ನನ್ನಾಕೆ ರಬ್ಬರ್ ಚಪ್ಪಲಿಯ ಕಾಲನ್ನು ಸೋಫಾದ ಕೆಳಗೆ ಸರಿಸಿ, ನನ್ನ ನೆತ್ತಿಯ ಮೇಲಿನ ಗೋಡೆಯನ್ನು ನೋಡುತ್ತ ಹೇಳಿದಳು. “ಇಲ್ಲಿ ಒಳಗೆ ಸೇರಿಸ್ಕೊಂಡೋರದ್ದು ಮಾತ್ರ ಇಟ್ಕೋತಾರೆ. ಹೊರಗಿನವರದ್ದು ಸಾಮಾನ್ಯವಾಗಿ ಕೇಳಲ್ಲ. ನಿಮ್ಮದನ್ನ ಯಾಕೆ ಕೇಳಿದ್ರೋ ನನಗೂ ಆಶ್ಚರ್ಯ.”

ಬೀಗಿತ್ತಿ ಒಮ್ಮೆ ಹಸಿರು ಪಟ್ಟಿಯನ್ನು, ಒಮ್ಮೆ ತಮ್ಮ ಕಾಲನ್ನು ನೋಡಿದರು. ಆಮೇಲೆ ಗಂಡನ ಭುಜ ಹಿಡಿದುಕೊಂಡು, ಎಡಗಾಲಿನ ಚಪ್ಪಲಿಯನ್ನು ಬಿಚ್ಚಿ, ಅದರ ಧೂಳನ್ನು ಕೈಚೀಲಕ್ಕೆ ಒರೆಸಿ, ಎರಡೂ ಕೈಯಲ್ಲಿ ಕೌಂಟರಿನ ಮೇಲಿಟ್ಟರು. “ಸ್ವಲ್ಪ ಮೇಲಿನ ಗೂಡಲ್ಲಿಡಿ,” ಎಂದರು.

“ಪರಿಶೀಲಿಸಲಾಗುವುದು,” ಎಂದ ಇಲ್ಲಪ್ಪ.

ಟವೆಲು ಬಂತು. ಅದರಲ್ಲಿ ಮುಖ ಒರೆಸಿಕೊಳ್ಳುವಾಗ ಆಚೆ ಕಡೆಯಿಂದ ಅವರ ಮುಖ ಪೂರ್ತಿ ಕಾಣುತ್ತಿತ್ತು. “ಎಷ್ಟು ನವಿರು ನೋಡಿ ಬಟ್ಟೆ,” ಎಂದರು.

ಹೊರಡುವ ಹೊತ್ತಾಯಿತು. ಮಗಳು ಅಡುಗೆ ಮಾಡಿ ಕಾಯುತ್ತಿದ್ದಳು. ಬೀಗಿತ್ತಿ ಟವೆಲನ್ನು ಮಡಿಸಿ ಕೊಟ್ಟು ಚಪ್ಪಲಿಗೆ ಕೈಚಾಚಿದರು. ಇಲ್ಲಪ್ಪ ಗೋಡೆಯ ಗಡಿಯಾರ ನೋಡಿದ. ಅದು ನಿಂತು ಯಾವ ಕಾಲವಾಗಿತ್ತೋ. ಅವನು ಮಾತ್ರ ಗಮನವಿಟ್ಟು ನೋಡಿದ.

“ವಾಪಸು ಕೊಡೋ ಸಮಯ ಮುಗಿದಿದೆ. ನಾಳೆ ಬನ್ನಿ.”

ನನ್ನಾಕೆ ಬೆಚ್ಚಿ, “ಏನಪ್ಪ, ಪಾಪ ಅವರದ್ದನ್ನ…” ಎಂದು ಮುಂದೆ ಬಂದಳು. ಇಲ್ಲಪ್ಪ ಅವಳ ನೆತ್ತಿಯನ್ನು ನೋಡಿದ. “ಮುಚ್ಚಲಾಗಿದೆ, ಮೇಡಂ.” ಅಪ್ಪನೇ ಬಂದರೂ ತೆಗೆಯಬಾರದೆಂದು ಹೇಳಿಕೊಟ್ಟವಳು ತಾನೇ ಎಂದು ನೆನಪಾಗಿ ಅವಳು ಬಾಯಿ ಮುಚ್ಚಿಕೊಂಡಳು.

“ಇರಲಿ ಬಿಡಿ, ಪದ್ಧತಿ ಅಂದ್ರೆ ಪದ್ಧತಿ,” ಎಂದರು ಬೀಗಿತ್ತಿ. ಒಂಟಿ ಚಪ್ಪಲಿಯಲ್ಲಿ, ಗಂಡನ ಭುಜ ಹಿಡಿದು, ಕುಂಟುತ್ತ ಬೀದಿಗಿಳಿದರು. ಯಾವ ಕಳ್ಳನಿಗೂ ಇಲ್ಲದ ಧೈರ್ಯ. ಬಾಗಿಲಲ್ಲಿ ತಿರುಗಿ ಇಲ್ಲಪ್ಪನಿಗೆ, “ಥ್ಯಾಂಕ್ಸ್,” ಎಂದರು. ಅವನ ಜೀವಮಾನದಲ್ಲಿ ಆ ಕೌಂಟರಿನ ಮುಂದೆ ಯಾರೂ ಹೇಳಿರದ ಮಾತು. ಅವನು ಬೆನ್ನು ತಿರುಗಿಸಿ, ಜಲಪಾತದ ಕಡೆ ಮುಖ ಮಾಡಿ ತುಂಬ ಹೊತ್ತು ನಿಂತ.

ಮರುದಿನ ಬೆಳಗ್ಗೆ ಮಗಳ ಫೋನು ಬಂತು. ಮಿಕ್ಸಿಯ ಸದ್ದಿರಲಿಲ್ಲ. “ಅಮ್ಮಾ, ಏನು ಮಾಡಿದ್ರಿ ಅತ್ತೆಗೆ? ಆ ಒಂದು ಚಪ್ಪಲೀನ ಶೋಕೇಸಿನ ಪಕ್ಕ ಇಟ್ಟಿದ್ದಾರೆ. ಬಂದವರಿಗೆಲ್ಲ ತೋರಿಸ್ತಿದ್ದಾರೆ. ಇವತ್ತು ನನ್ನ ಅಡುಗೆಗೆ ಚೆನ್ನಾಗಿದೆ ಅಂದ್ಬಿಟ್ರು. ನನಗೆ ಭಯ ಆಗ್ತಿದೆ.”

ನಾವು ಗಂಟುಮೂಟೆ ಕಟ್ಟಿಕೊಂಡು, ಚಪ್ಪಲಿ ಬಿಡಿಸಿಕೊಳ್ಳಲು ಟವೆಲೂ ಹಿಡಿದು ಕೆಳಗಿಳಿದೆವು. ಇಲ್ಲಪ್ಪ ನನ್ನ ಕೋಟಿನಲ್ಲೇ ಕೂತಿದ್ದ. ಪಾತ್ರೆಯ ಏಜೆಂಟು ಎದುರಿಗೆ ಕೈಕಟ್ಟಿಕೊಂಡು, “ಬಿಸಿನೀರು ಯಾವಾಗ ಬರಬಹುದು ಅಂತ ಸುಮ್ನೆ ಕೇಳಿದೆ ಸಾರ್, ಅವಸರ ಏನಿಲ್ಲ,” ಎನ್ನುತ್ತಿದ್ದ. ನನ್ನ ಕೋಟನ್ನು ಕೇಳೋಣವೆಂದು ಹೋದೆ. ಅವನು ನನ್ನ ನೆತ್ತಿಯನ್ನು ನೋಡಿದ ರೀತಿಗೆ ಥ್ಯಾಂಕ್ಸ್ ಹೇಳಿ ಬಂದೆ.

ಆ ಹೊತ್ತಿಗೆ ಬೀಗರು ಬಂದರು. ಹೆಂಡತಿಯಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ಸ್ವಲ್ಪ ಎತ್ತರವಾಗಿಯೇ ಕಂಡರು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಬಲಗಾಲಿನ ಚಪ್ಪಲಿ. ಚಪ್ಪಲಿ ಯಾರದ್ದೆಂಬುದಕ್ಕೆ ಸಾಕ್ಷಿಯಾಗಿ ಬೀಗಿತ್ತಿಯೇ ಅದನ್ನು ಕಳಿಸಿದ್ದರಂತೆ.

ಇಲ್ಲಪ್ಪ ಗೂಡಿನಿಂದ ಎಡಗಾಲಿನದನ್ನು ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟು, ಬಗ್ಗಲಾರದ ಕತ್ತನ್ನು ಒಂದು ಬದಿಗೆ ವಾಲಿಸಿ, ಬಹಳ ಹೊತ್ತು ಪರಿಶೀಲಿಸಿದ.

“ಹೊಂದಾಣಿಕೆ ಆಗ್ತಿಲ್ಲ,” ಎಂದ. “ನಮ್ಮಲ್ಲಿರೋದು ಎಡಕ್ಕೆ ತಿರುಗಿದೆ. ನೀವು ತಂದಿರೋದು ಬಲಕ್ಕೆ.”

ಬೀಗರು ಬಗ್ಗಿ ನೋಡಿದರು. “ಹೌದಲ್ಲ,” ಎಂದರು.

ನಾನು ಏನೋ ಹೇಳಹೊರಟೆ. ಬೀಗರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. “ಸುಮ್ಮನಿರಿ ಬೀಗರೇ. ಈ ಹೋಟೆಲ್ ಎಂಥದ್ದು ಅಂತ ನನಗೆ ಬಾಗಿಲಲ್ಲೇ ಗೊತ್ತಾಯ್ತು. ಲಿಫ್ಟಲ್ಲಿ ಬಕೆಟ್ಟು ಕಂಡಿತಲ್ಲ.” ಸುತ್ತ ನೋಡಿ ದನಿ ತಗ್ಗಿಸಿದರು. “ಮದುವೆಯಾದಾಗಿಂದ ನಮ್ಮವಳು ಯಾರ ಮುಂದೆಯೂ ಬಾಯಿ ಮುಚ್ಚಿಕೊಂಡು ಕೂತಿದ್ದು ನಾನು ನೋಡಿರಲಿಲ್ಲ. ನಿನ್ನೆ ರಾತ್ರಿ ಮನೇಲೂ ಮೆತ್ತಗೆ ಮಾತಾಡಿದಳು. ಚಪ್ಪಲಿ ಇಲ್ಲಿ ಇರೋವರೆಗೂ ಹಾಗೇ ಇರ್ತಾಳೆ ಅನ್ಸುತ್ತೆ. ವಾಪಸ್ ಸಿಕ್ಕಿಬಿಟ್ರೆ ಏನು ಗತಿ?”

ಅವರು ಕೌಂಟರಿಗೆ ಹಿಂತಿರುಗಿ ಬಲಗಾಲಿನ ಚಪ್ಪಲಿಯನ್ನು ಮತ್ತೆ ಪೇಪರಿನಲ್ಲಿ ನೀಟಾಗಿ ಸುತ್ತಿದರು. ಆಸೆಗಣ್ಣಿನಿಂದ ಇಲ್ಲಪ್ಪನನ್ನು ನೋಡಿ, “ಹಾಗಾದ್ರೆ ನಾನು ಮತ್ತೆ ಯಾವಾಗ ಬರಲಿ ಸಾರ್?” ಎಂದರು.

ಇಲ್ಲಪ್ಪ ನನ್ನಾಕೆಯ ಕಡೆ ನೋಡಿದ. ನೆತ್ತಿಯನ್ನಲ್ಲ, ಮುಖವನ್ನೇ ನೋಡಿದ. ಅವಳು ಬ್ಯಾಗು ಕೆಳಗಿಟ್ಟು, ಕಣ್ಣಂಚು ಒರೆಸಿಕೊಂಡು, ಮೆಲ್ಲಗೆ ತಲೆಯಾಡಿಸಿದಳು.

ಇಲ್ಲಪ್ಪ ಪೆನ್ನಿನ ಮುಚ್ಚಳವನ್ನು ನಿಧಾನವಾಗಿ ಹಾಕಿದ.

“ಊಟದ ನಂತರ ಬನ್ನಿ.”